ಆಯ್ತು ಅಂದರೆ ಆಯಿತೇ?

ಕನ್ನಡದಲ್ಲಿ ಯಾರಾದರೂ ನಮಗೆ ಒಂದು ಕೆಲಸ ಹೇಳಿದರೆ ನಾವು ಕೊಡುವ ಉತ್ತರ ಭೂತಕಾಲದಲ್ಲಿರುತ್ತದೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ‘ನಾಳೆ ಬ್ಯಾಂಕಿಗೆ ಹೋಗು’ ಎಂದರೆ ‘ಆಯ್ತು’. ‘ಇನ್ನು ಮೇಲೆ ಬೇಗ ಏಳು’ ಎಂದರೆ ‘ಆಯ್ತು’. ಹೋಗಿಲ್ಲ, ಎದ್ದಿಲ್ಲ, ಕುಳಿತ ಕುರ್ಚಿಯಿಂದ ಕದಲಿಲ್ಲ. ಆದರೂ ವ್ಯಾಕರಣದ ಪ್ರಕಾರ ಕಾರ್ಯ ಸಂಪನ್ನವಾಗಿದೆ. ಇಂಥ ಭಾಷೆಯಲ್ಲಿ ಬೆಳೆದವರು ಜೀವನದ ಗುರಿಗಳನ್ನು ಮುಟ್ಟುವುದಾದರೂ ಹೇಗೆ ಎಂಬ ಅನುಮಾನ ನನಗೆ ಸಿಡ್ನಿಗೆ ಬಂದ ಮೇಲೆ ಹುಟ್ಟಿಕೊಂಡಿತು. ತುಮಕೂರಿನಲ್ಲಿದ್ದಾಗ ಯಾರೂ ನನ್ನ ಗುರಿ ಏನೆಂದು ಕೇಳಿರಲಿಲ್ಲ. ಅಂಕ ಎಷ್ಟೆಂದು ಮಾತ್ರ ಕೇಳುತ್ತಿದ್ದರು.

ಇಲ್ಲಿ ಎಲ್ಲರೂ ಗುರಿ ಕೇಳುತ್ತಾರೆ. ನಾನು ಕೆಲಸ ಮಾಡುವುದು ಒಂದು ರೋಗಪರೀಕ್ಷೆಯ ಲ್ಯಾಬಿನಲ್ಲಿ. ವರ್ಷಕ್ಕೊಮ್ಮೆ ನಮ್ಮ ಮೇಲಧಿಕಾರಿ ಎದುರು ಕೂರಿಸಿಕೊಂಡು, ಈ ವರ್ಷ ವೈಯಕ್ತಿಕ ಬೆಳವಣಿಗೆಗೆ ಏನು ಯೋಚಿಸಿದ್ದೀರಿ ಎಂದು ನಗುನಗುತ್ತ ವಿಚಾರಿಸುತ್ತಾರೆ. ದಿನವಿಡೀ ಪುಟ್ಟ ತಟ್ಟೆಗಳಲ್ಲಿ ರೋಗಾಣು ಬೆಳೆದಿದೆಯೇ ಎಂದು ಇಣುಕುವ, ‘ಬೆಳವಣಿಗೆ ಕಂಡುಬಂದಿಲ್ಲ’ ಎಂದು ಬರೆದಾಗಲೇ ಎಲ್ಲೋ ಒಂದು ಮನೆಯವರು ನಿಶ್ಚಿಂತೆಯಿಂದ ಉಣ್ಣುತ್ತಾರೆಂದು ಬಲ್ಲ ನನಗೆ ಬೆಳವಣಿಗೆ ಎಂಬ ಪದವೇ ಅಷ್ಟು ಮಂಗಳಕರವಾಗಿ ಕೇಳಿಸುವುದಿಲ್ಲ. ಆದರೂ ಏನೋ ಒಂದು ಹೇಳಿ ಎದ್ದು ಬರುತ್ತೇನೆ. ಅವರೂ ಏನೋ ಒಂದು ಬರೆದುಕೊಳ್ಳುತ್ತಾರೆ.

ಕಚೇರಿಯಿಂದ ತಪ್ಪಿಸಿಕೊಂಡರೆ ಶೋಭಾ ಆಂಟಿ ಇದ್ದಾರೆ. ಸಿಡ್ನಿಯ ಹೊರವಲಯದ ಗಿರಾವೀನ್‌ನಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿದ್ದ ಇವರು ಈಗ ದಿ ಪಾಂಡ್ಸ್‌ನಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡಿದ್ದಾರೆ. ತಮ್ಮ ಉನ್ನತಿ ಮುಗಿದದ್ದರಿಂದ ಇತರರ ಉನ್ನತಿಗಾಗಿ ಒಂದು ವಾಟ್ಸ್ಯಾಪ್ ಗುಂಪು ತೆರೆದಿದ್ದಾರೆ. ಬೆಳಿಗ್ಗೆ ಸೂರ್ಯೋದಯದ ಚಿತ್ರ ಬರುತ್ತದೆ, ಅದರ ಕೆಳಗೆ ಆ ದಿನದ ಸಂಕಲ್ಪ. ‘ಇವತ್ತಿಂದ ಸಕ್ಕರೆ ಬಿಡೋಣ’ ಎಂದು ಅವರು ಬರೆದರೆ, ‘ಆಯ್ತು ಆಂಟಿ’, ‘ಆಯ್ತು ಆಂಟಿ’ ಎಂದು ಸಾಲುಸಾಲಾಗಿ ಉತ್ತರ. ಅದೇ ಸಂಜೆ ಪೆಂಡಲ್ ಹಿಲ್‌ನ ಸಿಹಿತಿಂಡಿ ಅಂಗಡಿಯಲ್ಲಿ ಗುಂಪಿನ ಮೂವರು ಎದುರಾಗಿ, ಮೂವರೂ ‘ಮಕ್ಕಳಿಗೆ ಕಣ್ರೀ’ ಎಂದರು. ಅವರಲ್ಲೊಬ್ಬಳಿಗೆ ಇನ್ನೂ ಮದುವೆಯಾಗಿರಲಿಲ್ಲ. ನನ್ನ ಕೈಯಲ್ಲಿದ್ದ ಮೈಸೂರು ಪಾಕಿನ ಪೊಟ್ಟಣದ ಬಗ್ಗೆ ಯಾರೂ ವಿಚಾರಿಸದಿದ್ದುದು ಅವರ ಸೌಜನ್ಯ.

ಹೀಗೆ ಗುರಿ ಇರುವವರ ನಡುವೆ ನಾನು ಗುಮಾನಿ ಇರುವವಳು. ಹುಮ್ಮಸ್ಸಿನವರನ್ನು ಕಂಡರೆ ನನಗೆ ಅಸೂಯೆಯಲ್ಲ, ಸಂಶಯ. ಮಾಡುತ್ತೇನೆಂದು ಘೋಷಿಸಿದ ಕ್ಷಣದಲ್ಲಿ ಅವರ ಮುಖದ ಮೇಲೆ ಬರುವ ಕಳೆ, ಮಾಡಿ ಮುಗಿಸಿದವರ ಮುಖದಲ್ಲಿ ನಾನು ಎಂದೂ ಕಂಡಿಲ್ಲ. ಮಾಡಿ ಮುಗಿಸಿದವರು ಸಾಮಾನ್ಯವಾಗಿ ದಣಿದಿರುತ್ತಾರೆ. ಆದ್ದರಿಂದ ನನಗೂ ಒಂದು ಗುರಿ ಹುಟ್ಟಿದಾಗ ಅದನ್ನು ಆದಷ್ಟು ಬಚ್ಚಿಟ್ಟೆ.

ಅದು ಹುಟ್ಟಿದ್ದು ಒಂದು ಔಷಧಿ ಅಂಗಡಿಯ ಸರದಿಯಲ್ಲಿ. ನನ್ನ ಮುಂದೆ ಒಬ್ಬ ಅಜ್ಜಿ, ಸೀರೆಯ ಮೇಲೆ ಮಗನದ್ದಿರಬಹುದಾದ ದೊಡ್ಡ ಸ್ವೆಟರ್ ಹಾಕಿಕೊಂಡು ನಿಂತಿದ್ದರು. ಜೊತೆಯಲ್ಲಿ ಶಾಲೆಯ ಸಮವಸ್ತ್ರದ ಮೊಮ್ಮಗಳು. ಔಷಧಿಯವಳು ಹೊಸ ಮಾತ್ರೆ ಕೊಟ್ಟು, ಹಳೆಯದನ್ನು ಇನ್ನು ನುಂಗಬಾರದು, ಎರಡೂ ಸೇರಿದರೆ ಅಪಾಯ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹುಡುಗಿ ತನಗೆ ಬಂದಷ್ಟು ಕನ್ನಡದಲ್ಲಿ ತಿರುಗಿಸಿದಳು: “ಅಜ್ಜಿ, ಹಳೇ ಟ್ಯಾಬ್ಲೆಟ್ ಸ್ಟಾಪ್ ಅಂತೆ.”

“ಆಯ್ತು ಪುಟ್ಟಿ,” ಎಂದರು ಅಜ್ಜಿ.

ಹುಡುಗಿ ಔಷಧಿಯವಳ ಕಡೆ ತಿರುಗಿ, ಹಳೆಯ ಮಾತ್ರೆಗಳೆಲ್ಲ ಮುಗಿದುಹೋಗಿವೆಯಂತೆ ಎಂದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹೇಳಿದಳು. ಹಾಗಾದರೆ ಒಳ್ಳೆಯದೇ ಎಂದು ಔಷಧಿಯವಳು ಎಚ್ಚರಿಕೆಯ ಮಾತನ್ನು ಅಲ್ಲಿಗೇ ನಿಲ್ಲಿಸಿ, ಚೀಲ ಮಡಚಿ ಕೊಟ್ಟಳು. ಅಪರಿಚಿತರ ಸಂಭಾಷಣೆಯೊಳಗೆ ಕಾಲಿಡುವುದು ನನ್ನ ಸ್ವಭಾವಕ್ಕೆ ಸುತರಾಂ ಒಗ್ಗದು. ಆದರೂ ಕಾಲಿಟ್ಟೆ.

“ಅಜ್ಜಿ, ಹಳೇ ಮಾತ್ರೆ ಮನೇಲಿ ಇದೆಯಾ?”

“ಡಬ್ಬಿ ತುಂಬ ಇದೆ ಕಣಮ್ಮ. ಊರಿಂದ ಆರು ತಿಂಗಳಿಗೆ ಆಗೋಷ್ಟು ತಂದಿದ್ದೀನಿ. ಬಿಸಾಕಕ್ಕಾಗುತ್ತಾ? ಇದರ ಜೊತೇಲೇ ಒಂದೊಂದು ತಗೊಂಡು ಖಾಲಿ ಮಾಡ್ತೀನಿ.”

ಎಲ್ಲರೂ ಸೇರಿ ಅದನ್ನು ಸರಿಪಡಿಸಿದೆವು. ಆದರೆ ಆ ಎರಡು ಅಕ್ಷರಗಳು ನನ್ನ ತಲೆಯಿಂದ ಇಳಿಯಲಿಲ್ಲ. ಅಜ್ಜಿ ಹೇಳಿದ್ದು ಒಪ್ಪಿಗೆ, ಮೊಮ್ಮಗಳು ಕೇಳಿಸಿಕೊಂಡದ್ದು ಮುಕ್ತಾಯ, ಇಬ್ಬರೂ ತಪ್ಪಾಡಿರಲಿಲ್ಲ. ಆಸ್ಪತ್ರೆಗಳಲ್ಲಿ ಇಂಥ ಕಡೆ ನಡುವೆ ನಿಲ್ಲಲು ದುಭಾಷಿಗಳಿರುತ್ತಾರೆ, ಅದಕ್ಕೊಂದು ಪರೀಕ್ಷೆಯಿದೆ, ಅದು ಕನ್ನಡಕ್ಕೂ ಇದೆ ಎಂದು ತಿಳಿದುಕೊಂಡೆ. ಅದನ್ನು ಬರೆಯಬೇಕೆಂದುಕೊಂಡು ಬಹಳ ಕಾಲ ಸುಮ್ಮನಿದ್ದೆ.

ಈ ವಿಷಯ ಗೊತ್ತಿದ್ದದ್ದು ರೀನಾಳಿಗೊಬ್ಬಳಿಗೆ. ಮಂಗಳೂರಿನ ಕೊಂಕಣಿ ಮನೆಯ ಹುಡುಗಿ. ಸಿಡ್ನಿಯಲ್ಲಿ ಓದುವಾಗ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವಳು, ಈಗ ಮೆಲ್ಬರ್ನ್‌ನಲ್ಲಿ ವೃದ್ಧರನ್ನು ನೋಡಿಕೊಳ್ಳುವ ನರ್ಸ್. ಅವಳು ಫೋನಿನಲ್ಲಿ ಕುಶಲ ಕೇಳುವುದಿಲ್ಲ, “ಎಂತ ಮಾರಾಯ್ತಿ, ಅರ್ಜಿ ಹಾಕಿದ್ಯಾ ಇಲ್ವಾ?” ಎಂದೇ ಶುರುಮಾಡುತ್ತಾಳೆ. ಈ ಸಲದ ಗಡುವು ಒಂದು ಸೋಮವಾರಕ್ಕೆ ಮುಗಿಯುತ್ತಿತ್ತು. ಅದು ತಪ್ಪಿದರೆ ಕನ್ನಡದ ಪರೀಕ್ಷೆ ಮತ್ತೆ ಯಾವಾಗಲೋ. ಅದಕ್ಕೆ ಮುಂಚಿನ ಗುರುವಾರ, ‘ಇವತ್ತೇ ಅರ್ಜಿ ಹಾಕಿ ಮುಗಿಸು’ ಎಂದು ಅವಳು ಸಂದೇಶ ಕಳಿಸಿದಳು. ನಾನು ‘ಆಯ್ತು’ ಎಂದು ಉತ್ತರಿಸಿದೆ. ಮುಂದೆ ಏನಾಯಿತೆಂಬುದನ್ನು ನೀವು ಊಹಿಸಿರುತ್ತೀರಿ, ನಾನು ಊಹಿಸಿರಲಿಲ್ಲ.

ವಾರಾಂತ್ಯಕ್ಕೆ ಅವಳ ಮನೆಗೆ ಹೋಗುವುದೆಂದು ಮೊದಲೇ ನಿಶ್ಚಯವಾಗಿತ್ತು. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ನನಗಾಗಿ ತೆಂಗಿನಕಾಯಿ ಅರೆದು ಮಾಡಿದ ತರಕಾರಿಯ ಗಸಿ, ಇಡ್ಲಿಯ ಹತ್ತಿರದ ಬಂಧುವಾದ ಸನ್ನ, ಮತ್ತು ನಡುವೆ ಒಂದು ಕೇಕು. ಊರಿನಿಂದ ಬಂದಿದ್ದ ಅವಳ ಅತ್ತೆ ನನ್ನ ಕೈ ಹಿಡಿದುಕೊಂಡು, “ಒಳ್ಳೇದಾಯ್ತು ಮಗಳೇ. ನಮ್ಮಂಥವರಿಗೆ ಆಸ್ಪತ್ರೆಯಲ್ಲಿ ಮಾತಿಗೆ ಒಬ್ಬರು ಬೇಕು. ನಿನ್ನ ಅರ್ಜಿ ಹೋಯ್ತಂತೆ, ರೀನಾ ಹೇಳಿದಳು,” ಎಂದರು.

ಒಂದು ಕ್ಷಣ ನನಗೆ ಬಹಳ ಹಿತವಾಯಿತು. ಅದು ಎಷ್ಟು ಹಿತವಾಯಿತೆಂದರೆ, ಇನ್ನು ಅರ್ಜಿ ಹಾಕುವ ಅಗತ್ಯವೇ ಇಲ್ಲವೆನ್ನುವಷ್ಟು. ಶೋಭಾ ಆಂಟಿಯ ಗುಂಪಿನವರ ಮುಖದ ಮೇಲೆ ನಾನು ಸಂಶಯದಿಂದ ನೋಡುತ್ತಿದ್ದ ಆ ಕಳೆ ಈಗ ನನ್ನ ಮುಖದ ಮೇಲೇ ಬಂದು ಕೂತಿರಬೇಕು. ಹೆದರಿ, “ಇಲ್ಲ ಆಂಟಿ, ನಾನಿನ್ನೂ ಹಾಕಿಲ್ಲ,” ಎಂದೆ.

ರೀನಾ ಕೇಕಿನ ಚಾಕು ಕೆಳಗಿಟ್ಟಳು. “ಮತ್ತೆ ಆಯ್ತು ಅಂದದ್ದೆಂತಕ್ಕೆ?”

“ಆಯ್ತು ಅಂದ್ರೆ, ಹಾಕ್ತೀನಿ ಅಂತ.”

“ಇವಳು ಇಂಟರ್‌ಪ್ರಿಟರ್ ಆಗುದಂತೆ. ಇವಳು ಹೇಳಿದ್ದು ತಿಳಿಲಿಕ್ಕೇ ಒಬ್ಬ ಇಂಟರ್‌ಪ್ರಿಟರ್ ಬೇಕು.” ಆಮೇಲೆ ದನಿ ತಗ್ಗಿಸಿ, “ನಿಂಗೆ ಹೆದರಿಕೆ ಅಲ್ವಾ?” ಎಂದಳು.

ಹೆದರಿಕೆಯೇ. ಇಂಗ್ಲಿಷಿನಲ್ಲಿ ಅನುತ್ತೀರ್ಣಳಾದರೆ ಅದು ಕಲಿತ ಭಾಷೆ, ಕ್ಷಮೆಯಿದೆ. ಕನ್ನಡದಲ್ಲಿ ಆದರೆ? ಮನೆಯವರಿಂದ ಇಷ್ಟು ದೂರ ಬಂದು, ಬೇರೆಯವರ ಉಚ್ಚಾರಣೆಯಲ್ಲಿ ನನ್ನ ಹೆಸರು ಹೇಳಿಕೊಂಡು ಬದುಕುವ ನನಗೆ, ಪೂರ್ತಿಯಾಗಿ ನನ್ನದೆಂದು ಉಳಿದಿರುವುದು ಅದೊಂದೇ. ಅದೂ ನಿನಗೆ ಸಾಲದು ಎಂದು ಪರೀಕ್ಷಕರು ಬರೆದುಕೊಟ್ಟರೆ ಎಲ್ಲಿಗೆ ಹೋಗುವುದು? ಹುರಿದುಂಬಿಸುವವರ ಮೇಲೆ ನಾನು ಇಷ್ಟು ದಿನ ಪಟ್ಟ ಸಂಶಯದಲ್ಲಿ ನಿಜ ಎಷ್ಟು, ನೆಪ ಎಷ್ಟು ಎಂಬುದು ಆ ಮೇಜಿನ ಮುಂದೆ ಅಷ್ಟು ಸ್ಪಷ್ಟವಾಗಿ ಉಳಿಯಲಿಲ್ಲ.

“ಹೆದರಿಕೆ ಇದ್ರೆ ಇರಲಿ,” ಎಂದರು ಅತ್ತೆ, ಸನ್ನ ಬಡಿಸುತ್ತ. “ನಾನು ಕೊಂಕಣಿಯವಳು. ನನ್ನ ಕನ್ನಡಕ್ಕೆ ಶಾಲೆಯಲ್ಲಿ ಎಷ್ಟು ನಗಾಡಿದ್ದಾರೆ ಗೊತ್ತುಂಟಾ? ಮಾತಾಡುದು ಬಿಡ್ಲಿಲ್ಲ ನಾನು.”

“ಈಗ ಬಿಡಿ ಅಂದ್ರೂ ಬಿಡುದಿಲ್ಲ,” ಎಂದಳು ಸೊಸೆ.

ಕೇಕನ್ನು ಯಾರೂ ಕತ್ತರಿಸಲಿಲ್ಲ. ಫ್ರಿಜ್ಜಿಗೆ ಹೋಯಿತು. ಅದು ಶಿಕ್ಷೆಯೋ ಮುಂದೂಡಿಕೆಯೋ ರೀನಾ ಹೇಳಲಿಲ್ಲ.

ಊಟದ ನಂತರ ಅವರ ಚಿಕ್ಕ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಾಗ ಆ ಶಬ್ದದ ಬಗ್ಗೆ ಇನ್ನೊಂದು ಯೋಚನೆ ಬಂತು. ‘ಆಯ್ತು’ ಸುಳ್ಳಲ್ಲ. ಅದರ ಅರ್ಥ ‘ಆಯ್ತು’ ಎಂದವಳ ಕೆಲಸ ಮುಗಿಯಿತೆಂದಲ್ಲ, ಕೆಲಸ ಹೇಳಿದವಳ ಹೊಣೆ ಮುಗಿಯಿತೆಂದು. ನೀನು ಹೇಳಬೇಕಾದ್ದು ಹೇಳಿದ್ದಾಯಿತು, ಇನ್ನು ನೀನು ನಿಶ್ಚಿಂತೆಯಿಂದಿರು ಎಂದು ಒಬ್ಬರ ಹೆಗಲಿನಿಂದ ಭಾರ ಇಳಿಸಿಕೊಳ್ಳುವ ಮಾತು. ಇಳಿಸಿಕೊಂಡದ್ದನ್ನು ಹೊರಬೇಕಾದವಳು ಮಾತ್ರ ಒಂಟಿ. ಅಲ್ಲಿಂದ ಮುಂದಕ್ಕೆ ಯಾವ ಸೂರ್ಯೋದಯದ ಚಿತ್ರವೂ ಜೊತೆಗೆ ಬರುವುದಿಲ್ಲ. ಇದು ಸಮಾಧಾನವೋ ಇನ್ನೊಂದು ಜಾಣ ನೆಪವೋ ಎಂದು ಪರಿಶೀಲಿಸಲು ಹೊರಟವಳು, ಆ ಪರಿಶೀಲನೆಯೇ ಸೋಮವಾರವನ್ನು ದಾಟಿಸಿಬಿಟ್ಟೀತೆಂದು ಅನುಮಾನಿಸಿ ಅರ್ಜಿಯನ್ನು ಒತ್ತಿ ಕಳಿಸಿದೆ. ನನ್ನ ಸಂಶಯ ಸಕಾಲದಲ್ಲಿ ನನ್ನ ಮೇಲೇ ತಿರುಗಿದ ಅಪರೂಪದ ಸಂದರ್ಭವಿದು.

“ಆಯ್ತಾ?” ಎಂದು ಅಡುಗೆಮನೆಯಿಂದ ರೀನಾಳ ಕೂಗು.

“ಅರ್ಜಿ ಹೋಗಿದೆ. ಶುಲ್ಕ ಕಟ್ಟಿದ್ದೀನಿ. ಪರೀಕ್ಷೆ ಇನ್ನೂ ಆಗಿಲ್ಲ. ಪಾಸಾಗ್ತೀನಾ ಅಂತ ಗೊತ್ತಿಲ್ಲ.”

“ಅಷ್ಟು ಉದ್ದ ಯಾರು ಕೇಳಿದ್ರು ನಿನ್ನತ್ರ? ಚಾ ತಣಿತದೆ, ಬಾ.”

“ಬಂದೆ,” ಎಂದೆ. ಹೇಳಿ, ಪರೀಕ್ಷೆಯ ಮಾದರಿ ಸಂಭಾಷಣೆಗಳ ಮೊದಲ ಪುಟವನ್ನು ತೆರೆದು ಓದುತ್ತ ಕುಳಿತೇ ಇದ್ದೆ.