ಒಂದು ಸಲಕ್ಕೆ ಒಂದೇ ಮಾತು

ಕರೆಂಟು ಹೋಗಬಹುದಿತ್ತು. ಸಂಸೆ ಕಡೆಯ ಬಸ್ಸು ಕೆಟ್ಟು ಶಿಕ್ಷಕರು ಬಾರದಿರಬಹುದಿತ್ತು. ಬಂದವರು ತೂಕಡಿಸಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, "ಅವು ಸೋಮಾರಿ ಮಕ್ಕಳು ಸಾರ್" ಎಂದು ಕೈ ಕೊಡವಿಬಿಡಬಹುದಿತ್ತು. ಮೂಡಿಗೆರೆಯಲ್ಲಿ ಶಿಕ್ಷಕರಿಗೆ ತರಬೇತಿ ಕೊಡಲು ಹೊರಡುವ ಮುನ್ನವೇ ಇಷ್ಟಕ್ಕೂ ಚಿಂತೆ ಮಾಡಿ ಮುಗಿಸಿದ್ದೆ. ಹೇಳಿದ್ದನ್ನು ಕೆಲಸ ಮುಗಿಯುವವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲಾಗದ ಮಕ್ಕಳಿಗೆ ಕಲಿಸುವುದು ಹೇಗೆ ಎಂಬುದು ಅಂದಿನ ವಿಷಯ.

ಮೊದಲು ಶಿಕ್ಷಕರಿಗೇ ಒಂದೊಂದು ಹಾಳೆ ಹಂಚಿ, ಅದರಲ್ಲಿ ಏನೇನು ಬರೆಯಬೇಕೆಂದು ಆರು ಸೂಚನೆಗಳನ್ನು ಒಂದೇ ಉಸಿರಿನಲ್ಲಿ ಕೊಟ್ಟೆ. ಮೂರನೆಯದಕ್ಕೇ ಎಲ್ಲರೂ ಪಕ್ಕದವರ ಹಾಳೆ ಇಣುಕತೊಡಗಿದರು. ಮುಂದೆ ಕೂತಿದ್ದ ಹಿರಿಯ ಮೇಡಂ ಪೆನ್ನು ಕೆಳಗಿಟ್ಟರು.

"ಅಯ್ಯೋ ಮಾರಾಯ್ರೇ, ನಮ್ಮ ಕ್ಲಾಸಿನ ಒಂದು ಹುಡುಗಿಗೆ ಕಿವಿ ಕೇಳಲ್ವೇನೇ ಅಂತ ದಿನಾ ಬೈತಿದ್ದೆ. ಎಸ್ಟೇಟಿನ ಮೇಸ್ತ್ರಿನೂ ಒಂದು ಕೆಲಸ ಮುಗಿದ ಮೇಲೇ ಇನ್ನೊಂದು ಹೇಳೋದು. ನಾಳೆಯಿಂದ ನಾನೂ ಹಂಗೇ."

ಎಲ್ಲರೂ ತಲೆಯಾಡಿಸಿದರು. ನನಗೆ ಕುಣಿಯುವಷ್ಟು ಖುಷಿ. ಆ ಉಮೇದಿನಲ್ಲೇ, "ಫಾರಂ ತುಂಬಿ, ಹಾಜರಿ ಹಾಳೆಗೆ ಸಹಿ ಹಾಕಿ, ಫೋಟೋಕ್ಕೆ ನಿಂತು, ಕುರ್ಚಿ ಜೋಡಿಸಿಟ್ಟು ಊಟಕ್ಕೆ ಹೋಗಿ" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಎಲ್ಲರೂ ನೆಟ್ಟಗೆ ಊಟಕ್ಕೆ ಹೋದರು. ಹಾಜರಿ ಹಾಳೆಯಲ್ಲಿ ನನ್ನ ಸಹಿಯೊಂದೇ ಇತ್ತು.