ಕೆಳಗೆ ನಿಂತವರು

ಕೊಡಿಗೇಹಳ್ಳಿ ಸರ್ಕಲ್ಲಿನಲ್ಲಿ ನನ್ನ ಯಜಮಾನರ ಫ್ಲೆಕ್ಸ್ ಹಾಕಿಸಿದವನು ನನ್ನ ತಮ್ಮ. ಆಳೆತ್ತರದ ಫೋಟೋ, ಅದರ ಕೆಳಗೆ ದಪ್ಪಕ್ಷರದಲ್ಲಿ: ಮಾಜಿ ಸೈನಿಕರು, ಇಂಜಿನಿಯರ್, ಆದರ್ಶ ಸಂಸಾರಿ. ಬದುಕಿದ್ದಾಗ ಅವರಿಗೆ ತನ್ನ ಹೊಸ್ತಿಲು ತುಳಿಯಲು ಬಿಡದವನು, ಸತ್ತ ಮೇಲೆ ರಸ್ತೆಯಲ್ಲಿ ನಿಲ್ಲಿಸಿ ಮೆರೆಸಿದ. ತಿಥಿಯ ದಿನ ಅದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಆದರ್ಶ ಸಂಸಾರಿಯಂತೆ! ಅವರ ಜೊತೆ ಸಂಸಾರ ಮಾಡಿದವಳು ನಾನು, ನನ್ನನ್ನು ಕೇಳಲಿ. ಸೈನ್ಯದಲ್ಲಿ ಸೇತುವೆ ಕಟ್ಟುವ ಪಡೆಯಲ್ಲಿದ್ದರು, ನಿವೃತ್ತಿಯಾದ ಮೇಲೆ ಇಲ್ಲಿ ಕಟ್ಟಡಗಳ ಇಂಜಿನಿಯರ್ ಆಗಿ ದುಡಿದರು. ಅವರ ಪಡೆಯಲ್ಲಿ ಒಂದು ರೂಢಿಯಿತ್ತಂತೆ: ಹೊಸ ಸೇತುವೆಯ ಮೇಲೆ ಮೊದಲ ಲಾರಿ ದಾಟುವಾಗ, ಅದನ್ನು ಕಟ್ಟಿಸಿದವನು ಸೇತುವೆಯ ಕೆಳಗೆ ನಿಲ್ಲಬೇಕು. ಆ ರೂಢಿಯನ್ನು ಮನೆಗೂ ತಂದರು. ವಿದ್ಯಾರಣ್ಯಪುರದ ನಮ್ಮ ಅಡುಗೆಮನೆಗೆ ಅಟ್ಟ ಹಾಕಿಸಿದ ದಿನ ನಾನು ಸ್ಟೂಲ್ ಹತ್ತಿ ಹಂಡೆ, ಕೊಪ್ಪರಿಗೆ ಎಲ್ಲ ಪೇರಿಸಬೇಕು, ಅವರು ಕೆಳಗೆ ಕೈಕಟ್ಟಿ ನಿಂತು "ಇನ್ನೂ ಇಡು, ಇನ್ನೂ ಇಡು" ಅನ್ನಬೇಕು.

"ರೀ, ತಲೆ ಮೇಲೆ ಬಿದ್ರೆ ಏನ್ರೀ ಗತಿ?"

"ನಾನ್ ಹಾಕ್ಸಿದ್ದು, ನನ್ ತಲೆ ಮೇಲೇ ಬೀಳ್ಲಿ ಬಿಡು" ಎಂದು ನಗುತ್ತಿದ್ದರು. ಮಗಳಿಗೆ ಉಯ್ಯಾಲೆ ಕಟ್ಟಿದಾಗಲೂ ಅಷ್ಟೇ, ಮೊದಲು ತಾವು ಕೂತು ಜೀಕಿ, ಆಮೇಲೆ ಅವಳನ್ನು ಕೂರಿಸಿದರು. ನನಗೆ ನಗುವೂ ಬರುತ್ತಿತ್ತು, ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು. ಹಾಳಾದ್ದು ಆ ರೂಢಿಯೇ ಮುಂದೆ ನನ್ನ ತವರಿಗೆ ಬೆಂಕಿ ಇಟ್ಟಿತು.

ನಮ್ಮದು ಕೊಡಿಗೇಹಳ್ಳಿಯ ಹಳೇ ಮನೆತನ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನನ್ನ ತಮ್ಮ ಬಾಡಿಗೆ ಕಟ್ಟಡ ಎಬ್ಬಿಸಿ, ಮೊದಲ ಮಹಡಿಯಲ್ಲಿ ತಾನೇ ವಾಸವಾಗಿದ್ದ. ಅದರ ಮೇಲೆ ಇನ್ನೊಂದು ಮಹಡಿ, ಒಂದು ದೊಡ್ಡ ನೀರಿನ ಟ್ಯಾಂಕು ಏರಿಸಲು ಹೊರಟಾಗ ಪೂಜೆಗೆ ನಮ್ಮನ್ನೂ ಕರೆದ. ಭಾವನ ಬಾಯಲ್ಲಿ ನಾಲ್ಕು ಒಳ್ಳೆ ಮಾತು ಕೇಳೋಣ ಅಂತ ಅವನ ಆಸೆ. ಇವರೋ ನೆಲಮಹಡಿಯ ಕಂಬಗಳಿಗೆ ಗೇಣು ಹಾಕಿ ಅಳೆಯುತ್ತಾ ನಿಂತರು.

"ಈ ಕಂಬ ತಡೆಯಲ್ಲಪ್ಪ. ಮೊದ್ಲು ಸುತ್ತ ಕಂಬಿ ಕಟ್ಸಿ ಕಾಂಕ್ರೀಟ್ ಹಾಕ್ಸಿ ದಪ್ಪ ಮಾಡ್ಸು. ಆಮೇಲೆ ಮೇಲಕ್ಕೆ ಹೋಗು."

"ಮೇಸ್ತ್ರಿ ಏನೂ ಆಗಲ್ಲ ಅಂದವ್ನೆ, ಭಾವ."

"ಹಂಗಾದ್ರೆ ಟ್ಯಾಂಕ್ ತುಂಬ್ಸೋ ದಿನ ನೀನೂ ನಿನ್ ಮೇಸ್ತ್ರೀನೂ ಕೆಳಗಡೆ ನಿಂತ್ಕೊಳ್ಳಿ. ನಾನೂ ಬಂದು ನಿಂತ್ಕೋತೀನಿ."

ನೆಂಟರಿಷ್ಟರೆಲ್ಲ ತಿರುಗಿ ನೋಡಿದರು. ತಮ್ಮನ ಮುಖ ಕೆಂಪೇರಿತು. "ಇದು ಮಿಲಿಟರಿ ಅಲ್ಲ ಭಾವ. ನಮ್ಮಪ್ಪನ ಜಮೀನು. ಉಂಡು ಓಗಿ" ಅಂದುಬಿಟ್ಟ. ಮಹಡಿ ಎದ್ದಿತು, ಟ್ಯಾಂಕೂ ಕೂತಿತು.

ಅಲ್ಲಿಗೆ ಸುಮ್ಮನಿರಿ ಅಂತ ನಾನು ಎಷ್ಟು ಗೋಗರೆದೆ! "ನಿಮ್ ಕಾಲಿಗೆ ಬೀಳ್ತೀನ್ರೀ, ನನಗಿರೋದು ಒಂದೇ ತವರು" ಅಂದೆ. ಕೇಳುವ ಜಾತಿಯೇ ಅದು? ನೆಲಮಹಡಿಯ ಬಾಡಿಗೆಯವರ ಬಾಗಿಲು ತಟ್ಟಿ, ಇಂಥ ಕಂಬದ ಮೇಲೆ ಇಷ್ಟು ಭಾರ ಇದೆ ನೋಡಿ ಅಂತ ಹೇಳಿಯೇ ಬಂದರು. "ಕೆಳಗಡೆ ಮಲಗೋರಿಗೆ ಗೊತ್ತಿರ್ಬೇಕು ಕಣೇ" ಎಂಬುದಷ್ಟೇ ಅವರ ಸಮಜಾಯಿಷಿ. ಬಾಡಿಗೆಯವರು ಒಬ್ಬೊಬ್ಬರಾಗಿ ಮನೆ ಖಾಲಿ ಮಾಡಿದರು. ತಮ್ಮ ನಮ್ಮ ಗೇಟಿನ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿ, ಇನ್ನು ನನಗೆ ಅಕ್ಕನೂ ಇಲ್ಲ ಭಾವನೂ ಇಲ್ಲ ಎಂದು ಹೋದ.

ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ಅವ್ವ ಹೋದ ಮೇಲೆ ತಮ್ಮನೇ ತಂದುಕೊಡುತ್ತಿದ್ದ ಮೊರದ ಜೋಡಿ ಅದು: ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ. ಅಂಗಡಿಯಲ್ಲಿ ನಾನೇ ಕೊಳ್ಳಬಹುದಿತ್ತು. ಆದರೆ ನಿನಗೆ ಹುಟ್ಟಿದ ಮನೆ ಇನ್ನೂ ಇದೆ ಅಂತ ಹೇಳುವ ಮೊರ ಅಂಗಡಿಯಲ್ಲಿ ಸಿಗುವುದಿಲ್ಲ. ಆಮೇಲೆ ಯಾವ ವರ್ಷವೂ ಬರಲಿಲ್ಲ. ಪಕ್ಕದ ಮನೆಯಾಕೆಯ ಅಣ್ಣ ಸ್ಕೂಟರಿನಲ್ಲಿ ಮೊರ ತರುವುದು ಕಂಡರೆ ನಾನು ಒಳಗೆ ಹೋಗಿ ಕುಕ್ಕರ್ ಇಡುತ್ತಿದ್ದೆ. ಮಗಳ ಮದುವೆಗೂ ಸೋದರಮಾವ ಬರಲಿಲ್ಲ. ಯಾರೋ ದೂರದ ನೆಂಟರು ಅವಳನ್ನು ಮಂಟಪಕ್ಕೆ ಕರೆತಂದರು.

ಕಟ್ಟಡ ಮಾತ್ರ ಗುಂಡುಕಲ್ಲಿನಂತೆ ನಿಂತಿತ್ತು. ಅದನ್ನೇ ಎತ್ತಿ ಅವರನ್ನು ಚುಚ್ಚುತ್ತಿದ್ದೆ. ಅವರು ಪೇಪರ್ ಮಡಿಸಿ ಎದ್ದು ಹೋಗುತ್ತಿದ್ದರು. ಹಾಸಿಗೆ ಹಿಡಿದ ಮೇಲೆ ಒಂದು ದಿನ ಅವರೇ ಬಾಯಿ ಬಿಟ್ಟರು. "ನನ್ ಲೆಕ್ಕಾನೇ ತಪ್ಪಿತ್ತೇನೋ ಕಣೇ. ಸುಮ್ನೆ ನಿನ್ ತವರು ಕಳೆದ್ಬಿಟ್ಟೆ." ಜೀವಮಾನದಲ್ಲಿ ಲೆಕ್ಕ ತಪ್ಪಿತು ಅಂದವರಲ್ಲ. ಆ ಕೊರಗಿನಲ್ಲೇ ಹೋದರು.

ತಿಥಿ ಮುಗಿದ ಮೇಲೆ ತವರಿನವರು ಕರೆದೊಯ್ದು ಊಟ ಹಾಕುವುದು ನಮ್ಮಲ್ಲಿ ಪದ್ಧತಿ. ತಮ್ಮನೇ ಕಾರು ತಂದ. ಜಗಳ ಆಡಲು ನನಗೆ ತ್ರಾಣವಿರಲಿಲ್ಲ, ಹೋದೆ. ಬಾಡಿಗೆ ಮನೆಗಳಿದ್ದ ನೆಲಮಹಡಿ ಈಗ ಕಾರು ನಿಲ್ಲಿಸುವ ಜಾಗವಾಗಿತ್ತು. ಇಳಿದು ನೋಡುತ್ತೇನೆ, ಅವರು ಗೇಣು ಹಾಕಿದ್ದ ಕಂಬಗಳು ಒಂದೂ ಬಿಡದೆ ದಪ್ಪವಾಗಿವೆ. ಸುತ್ತ ಕಾಂಕ್ರೀಟ್ ಹಾಕಿಸಿ, ಅದರ ಮೇಲೆ ನೀಟಾಗಿ ಬಣ್ಣ ಬಳಿಸಿದ್ದಾನೆ.

"ಇದನ್ನ ಯಾವಾಗ್ ಮಾಡ್ಸ್ದೋ?"

ಅವನು ಕಾರಿನ ಕೀ ತಿರುಗಿಸುತ್ತಾ ನಿಂತ. "ಆಗ್ಲೇ ಕಣಕ್ಕ. ಬಾಡ್ಗೆಯೋರು ಖಾಲಿ ಮಾಡಿದ್ಮೇಲೆ ಬೇರೆ ಇಂಜಿನಿಯರ್ ಕರೆಸಿ ತೋರಿಸ್ದೆ. ಇಂಗೇ ಬಿಟ್ಟಿದ್ರೆ ಅಪಾಯ ಇತ್ತು, ಮೊದ್ಲು ಹೇಳಿದ್ದೋರು ಸರಿಯಾಗೇ ಹೇಳವ್ರೆ ಅಂದ."

"ಅದನ್ನ ನಿನ್ ಭಾವಂಗೆ ಒಂದು ಫೋನ್ ಮಾಡಿ ಹೇಳೋಕೆ ನಿನ್ ಬಾಯಿಗೇನ್ ಬಂದಿತ್ತೋ ರೋಗ?"

"ಎಂಗಕ್ಕ ಹೇಳೋದು? ಅಷ್ಟು ಜನದ ಮುಂದೆ ಬೈದ್ಬಿಟ್ಟಿದ್ದೆ. ಮರ್ಯಾದೆ ಪ್ರಶ್ನೆ."

ಮರ್ಯಾದೆಯಂತೆ, ಮಣ್ಣಂತೆ! ಇವನು ಅವರ ಮಾತಿನಂತೆ ದಪ್ಪ ಮಾಡಿಸಿದ ಕಂಬಗಳ ಮೇಲೆ ಇಷ್ಟು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ. ಅವರು ಮಾಡದ ತಪ್ಪನ್ನು ಹೊತ್ತು ಸತ್ತರು. ನನಗೆ ಅಳುವೂ ಬರಲಿಲ್ಲ. ಆ ಬಣ್ಣ ಬಳಿದ ಕಂಬಕ್ಕೆ ಕೈಯಿಂದ ಬಡಿದೆ, ಕೈ ನೋಯಿತು ಅಷ್ಟೆ.

"ಆಗಿದ್ದು ಆಗೋಯ್ತು ಬಿಡಕ್ಕ" ಎಂದ ತಮ್ಮ. "ಮುಂದಿನ ವಾರ ಗೌರಿ ಹಬ್ಬ. ಬಂದ್ಬಿಡು. ಇನ್ಮೇಲೆ ನೀನು ಯಾವ ವರ್ಷಾನೂ ತಪ್ಪಿಸ್ಬಾರ್ದು."

"ಬಾಗಿನ ಕೊಡ್ತೀಯೇನೋ?"

ಅವನು ನನ್ನ ಬೋಳು ಹಣೆ ನೋಡಿದ. ಬಾಗಿನ ಮುತ್ತೈದೆಯರಿಗೆ. ಅದು ಅವನಿಗೂ ಗೊತ್ತಿತ್ತು. ತಲೆ ತಗ್ಗಿಸಿಕೊಂಡು, "ಊಟಕ್ಕೆ ಬಾ ಅಕ್ಕ" ಅಂದ.