ಸಹಿಗೆ ಮೊದಲೇ ಮುಚ್ಚಿದ ಟಿ.ಸಿ.

ನಾನು ಶಾಲೆ ಬಿಟ್ಟದ್ದು 1986ರಲ್ಲಿ, ಏಳನೆಯ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಕೇಳಿದವರಿಗೆಲ್ಲ ಹಾಗೆಯೇ ಹೇಳುತ್ತ ಬಂದಿದ್ದೇನೆ. ಬೀದರಿನಲ್ಲಿ ಮೊದಲು ಚಹಾದ ಅಂಗಡಿ, ಆಮೇಲೆ ಝೆರಾಕ್ಸ್ ಅಂಗಡಿಯಲ್ಲಿ ವರ್ಷಗಟ್ಟಲೆ ನಿಂತು ದುಡಿದೆ. ಕೆಲಸ ಕೈಗೆ ಹತ್ತಿದ ಮೇಲೆ ಔರಾದಿನ ಬಸ್ ನಿಲ್ದಾಣದ ಹತ್ತಿರ ಸ್ವಂತ ಅಂಗಡಿ ಹಾಕಿದೆ.

ಲ್ಯಾಮಿನೇಶನ್ ಎಂದರೆ ಕಾಗದವನ್ನು ಪ್ಲಾಸ್ಟಿಕ್ಕಿಗೆ ತುರುಕಿ ಮಷಿನ್ನಿಗೆ ಕೊಡುವುದು ಅಂದುಕೊಂಡವರೇ ಹೆಚ್ಚು. ಆ ಪ್ಲಾಸ್ಟಿಕ್ ಚೀಲದ, ಅಂದರೆ ಪೌಚಿನ, ಮುಚ್ಚಿದ ಅಂಚು ಮೊದಲು ಒಳಗೆ ಹೋಗಬೇಕು. ತೆರೆದ ಬಾಯಿ ಮೊದಲು ಹೋದರೆ ಸುಕ್ಕು ಬೀಳುತ್ತದೆ, ಇಲ್ಲವೇ ರೋಲರಿಗೆ ಸುತ್ತಿಕೊಳ್ಳುತ್ತದೆ. ಜೇಬಿನಲ್ಲಿಡುವ ಗುರುತಿನ ಚೀಟಿಗೆ ಇನ್ನೂರೈವತ್ತು ಮೈಕ್ರಾನಿನ ದಪ್ಪ ಪೌಚ್, ದೊಡ್ಡ ಕಾಗದಕ್ಕೆ ನೂರಾ ಇಪ್ಪತ್ತೈದು. ದಪ್ಪದ್ದಕ್ಕೆ ಬಿಸಿ ಸಾಲದಿದ್ದರೆ ಒಳಗೆ ಮಸುಕು ಕೂಡುತ್ತದೆ, ತೆಳುವಿಗೆ ಹೆಚ್ಚಾದರೆ ಅಲೆ ಏಳುತ್ತದೆ. ಕಾಗದದ ಸುತ್ತ ಒಂದಿಷ್ಟು ಪ್ಲಾಸ್ಟಿಕ್ಕಿನ ಅಂಚು ಬಿಟ್ಟೇ ಕತ್ತರಿಸಬೇಕು. ಕಾಗದಕ್ಕೆ ತಾಗಿಸಿ ಕತ್ತರಿಸಿದರೆ ನೀರು ಒಳಗೆ ಹೋಯಿತೆಂದೇ ಲೆಕ್ಕ. ಇದೆಲ್ಲ ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ.

2015ರ ಸುಮಾರಿಗೆ ಮಳೆ ಕೈಕೊಟ್ಟು ನಮ್ಮ ತಾಲ್ಲೂಕಿನ ಎಷ್ಟೋ ಮನೆಗಳವರು ಪುಣೆ, ಹೈದರಾಬಾದಿಗೆ ದುಡಿಯಲು ಹೊರಟರು. ಅಲ್ಲಿ ಇರುವುದು ತಗಡಿನ ಶೆಡ್ಡಿನಲ್ಲಿ. ಸುತ್ತ ಸಿಮೆಂಟಿನ ನೀರು, ಇಲಿ; ಕಾಗದ ಉಳಿಯುವುದಿಲ್ಲ. ಹಾಗಾಗಿ ಹೊರಡುವ ಮುನ್ನ ಬುತ್ತಿ ಕಟ್ಟಿದಷ್ಟೇ ಸಹಜವಾಗಿ ಮನೆಯ ಕಾಗದಗಳಿಗೆಲ್ಲ ಲ್ಯಾಮಿನೇಶನ್ ಮಾಡಿಸುವ ರೂಢಿ ಬಂದಿತ್ತು.

ಒಂದು ದಿನ ಬೆಳಿಗ್ಗೆ ಹತ್ತಿರದ ಹಳ್ಳಿಯ ಒಬ್ಬ ಹೆಣ್ಣುಮಗಳು ಹನ್ನೊಂದು ಹನ್ನೆರಡು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ರೇಶನ್ ಕಾರ್ಡು, ಮತದಾರರ ಚೀಟಿ, ಕೆಳಗೆ ಮಗಳ ಟಿ.ಸಿ.

"ಎಲ್ಲಾ ಪ್ಯಾಕ್ ಮಾಡ್ರಿ ಅಣ್ಣಾರ. ನಾಳಿ ಭಾಲ್ಕಿಗಿ ಹೋಗಿ ಪುಣೆ ಕಡೀ ರೈಲ್ ಹಿಡೀಬೇಕು. ಟಿ.ಸಿ. ಇಲ್ಲಂದ್ರ ಅಲ್ಲಿ ಸಾಲಿಯಾಗ ಕೂಡಿಸ್ಕೊಳಂಗಿಲ್ಲಂತ. ಇಕಿ ವರ್ಷಪೂರಾ ಶೆಡ್ಡಿನಾಗ ತಮ್ಮನ್ನ ಆಡಿಸ್ಕೋತ ಕೂಡಬೇಕಾಗ್ತದ."

"ನಾ ಆಡ್ಸಂಗಿಲ್ಲ, ಅಂವ ಕಡೀತಾನ," ಎಂದಳು ಹುಡುಗಿ.

ಟಿ.ಸಿ.ಯನ್ನು ಒಂದೂ ಸುಕ್ಕಿಲ್ಲದಂತೆ ಮುಚ್ಚಿ ಕೊಟ್ಟೆ. "ಹತ್ತು ವರ್ಷ ನೀರಾಗ ಇಡು ತಂಗಿ, ಒಂದಕ್ಷರ ಅಳಿಸಿದ್ರ ಬಂದು ನನ್ನ ಕೇಳು," ಎಂದೆ.

ತಾಸಿನೊಳಗೆ ಅವರಿಬ್ಬರೂ ತಿರುಗಿ ಬಂದರು. ಬೇರೆ ರಾಜ್ಯದ ಶಾಲೆಗೆ ಕೊಡುವ ಟಿ.ಸಿ. ಮೇಲೆ ಇಲ್ಲಿನ ಶಿಕ್ಷಣಾಧಿಕಾರಿಯ ಸಹಿ, ಮುದ್ರೆ ಬೇಕೆಂದು ಯಾರೋ ಹೇಳಿದ್ದರಂತೆ, ಕಚೇರಿಗೆ ಹೋಗಿದ್ದಾರೆ. ಗುಮಾಸ್ತರು ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ಒತ್ತಿ, ಹೆಬ್ಬೆರಳಿನಿಂದ ಒರೆಸಿ, ಮಸಿ ಅಳಿದುಹೋದದ್ದನ್ನು ತೋರಿಸಿ ಕಳಿಸಿದ್ದರು.

"ಇದನ್ನ ಬಿಚ್ರಿ ಅಣ್ಣಾರ."

ಒಮ್ಮೆ ಅಂಟಿದ್ದು ಬಿಚ್ಚಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ "ಐದು ಮಿನಿಟ್ ಕೂಡು," ಎಂದೆ. ಪೌಚನ್ನು ಮತ್ತೆ ಬಿಸಿ ಮಾಡಿ, ಮೂಲೆಯಲ್ಲಿ ಬ್ಲೇಡು ಹಾಕಿ, ಉಸಿರು ಹಿಡಿದು ಎಳೆದೆ. ಮುಖ್ಯಗುರುಗಳ ಸಹಿ ಕಾಗದದ ಸಿಪ್ಪೆಯ ಸಮೇತ ಪ್ಲಾಸ್ಟಿಕ್ಕಿನ ಜೊತೆ ಎದ್ದು ಬಂತು.

"ನಾ ನೀರಾಗ ಇಟ್ಟಿದ್ದಿಲ್ರಿ ಅಣ್ಣಾರ," ಎಂದಳು ತಾಯಿ. "ನಿಮ್ಮ ಕೈಯಾಗೇ ಇಟ್ಟಿದ್ದೆ."

ಶಟರ್ ಎಳೆದೆ. ಇಬ್ಬರನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಅವರ ಊರಿನ ಶಾಲೆಗೆ ಹೋದೆ. ನನ್ನ ಮಕ್ಕಳ ಹೆಸರು ಹಚ್ಚಲು ಕೂಡ ನಾನು ಶಾಲೆಯ ಒಳಗೆ ಹೋದವನಲ್ಲ, ಹೆಂಡತಿಯನ್ನೇ ಕಳಿಸಿದ್ದೆ. ಅಂದು ಹೋದೆ.

"ಕೊಟ್ಟ ಟಿ.ಸಿ. ಎಲ್ಲಿ ಹೋಯ್ತು?" ಎಂದು ಮುಖ್ಯಗುರುಗಳು ಕೇಳಿದರು.

ಆಕೆ ನನ್ನ ಮುಖ ನೋಡಿ, "ಕಳೀತ್ರಿ ಸರ್," ಎಂದಳು. ನನ್ನ ಮಾನ ಉಳಿಸಲು ಆಡಿದ ಮಾತು ಅದು.

"ಕಳೆದಿದ್ರ ಬಾಂಡ್ ಪೇಪರ್ ಮ್ಯಾಲ ಬರೆಸ್ಕೊಂಡು ಬಾ. ನಾಲ್ಕು ದಿನ ಹಿಡೀತದ."

ರೈಲು ನಾಳೆಯೇ. ನಾನು ಸುಲಿದ ಟಿ.ಸಿ.ಯನ್ನು ಮೇಜಿನ ಮೇಲಿಟ್ಟೆ. "ಕಳೆದಿಲ್ರಿ ಸರ್. ನಾ ಕೆಡಿಸೀನಿ. ಇವರದೇನೂ ತಪ್ಪಿಲ್ಲ."

ಅವರು ಅದನ್ನು ತಿರುವಿ ನೋಡಿದರು. "ಇದರ ಮ್ಯಾಲ ಇನ್ನಾ ಸಹಿ ಆಗೋದದ ಅಂತ ತಿಳೀಲಿಲ್ಲೇನ್ರಿ? ಎಷ್ಟು ಓದೀರಿ?"

"ಏಳನೇದು ಅರ್ಧ."

"ಅಷ್ಟ ಸಾಕು. ಈಗ ಹೇಳಿದ್ದೇ ಅರ್ಜಿಯಾಗ ಬರೀರಿ." ಬಿಳಿ ಹಾಳೆ ಮುಂದೆ ತಳ್ಳಿದರು.

ಅಷ್ಟು ವರ್ಷಗಳ ಮೇಲೆ ಶಾಲೆಯ ಮೇಜಿನ ಮುಂದೆ ಕೂತು, ನನ್ನ ತಪ್ಪನ್ನು ನನ್ನ ಕೈಯಿಂದಲೇ ಬರೆದೆ. ತಾಯಿ ಸಹಿ ಮಾಡಿದಳು. ಗುರುಗಳು ಎರಡು ಕಡೆ ಕೆಂಪು ಪೆನ್ನಿನಿಂದ ತಿದ್ದಿಯೂ ಬಿಟ್ಟರು. ಹುಡುಗಿ ಬಾಯಿಗೆ ಓಢಣಿ ಹಿಡಿದು ನಕ್ಕಳು. ಕೆಟ್ಟದ್ದನ್ನು ರಿಜಿಸ್ಟರಿಗೆ ಅಂಟಿಸಿ, ಎರಡನೆಯ ಪ್ರತಿ ಬರೆದುಕೊಟ್ಟರು. ಸಂಜೆ ಕಚೇರಿ ಮುಚ್ಚುವುದರೊಳಗೆ ಅಧಿಕಾರಿಯ ಸಹಿಯೂ ಬಿತ್ತು.

"ಈಗ ಪ್ಯಾಕ್ ಮಾಡ್ತೀರೇನ್ರಿ?" ಎಂದು ತಾಯಿ ಕೇಳಿದಳು. ಈ ಬಾರಿ ಆಕೆಯೂ ನಗುತ್ತಿದ್ದಳು.

"ಬ್ಯಾಡವ್ವಾ. ಅಲ್ಲಿಯವರೂ ಏನರ ಬರೀತಾರ," ಎಂದು ಟಿ.ಸಿ.ಯನ್ನು ಒಂದು ಕಡೆ ಬಾಯಿ ತೆರೆದ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೊಟ್ಟೆ.

ದೀಪಾವಳಿಗೆ ಊರಿಗೆ ಬಂದಾಗ ಹುಡುಗಿ ಅಂಗಡಿಗೆ ಬಂದು ಪುಣೆಯ ಶಾಲೆಯ ಗುರುತಿನ ಚೀಟಿ ಚಾಚಿದಳು. ಈಗ ಎಲ್ಲರನ್ನೂ ಕೇಳುವ ಹಾಗೆ ಅವಳನ್ನೂ ಕೇಳಿದೆ: "ಇದರ ಮ್ಯಾಲ ಇನ್ನಾ ಯಾರದರ ಸಹಿ ಆಗೋದದ ಏನು?"

"ನಂದೊಂದೇ ಇತ್ರಿ ಕಾಕಾ, ಹಾಕೀನಿ," ಎಂದಳು.

ಈಗ ನನಗೆ ಔರಾದಿನಲ್ಲಿ ಒಂದು ಅಂಗಡಿ, ಭಾಲ್ಕಿಯಲ್ಲಿ ಒಂದು ಇದೆ. ಲ್ಯಾಮಿನೇಶನ್ ಮಷಿನ್ ಮೂರು, ಝೆರಾಕ್ಸ್ ಎರಡು. ಬಾಯಿ ತೆರೆದ ಕವರುಗಳ ಡಬ್ಬಿ ಎರಡೂ ಅಂಗಡಿಯಲ್ಲಿ ಒಂದೊಂದು.